ಶನಿ ಎಂಬ ಹೆಸರನ್ನು ಬಿಡಿಸಿ ಓದುವುದು ಹೇಗೆ

ಕರಡು ತಿದ್ದುವುದು ನನ್ನ ಕೆಲಸ. ಮಕ್ಕಳ ಜ್ಞಾನಕೋಶವೊಂದರ ಪ್ರೂಫು ಮೇಜಿಗೆ ಬಂದಿದ್ದಾಗ ಅದರಲ್ಲಿ ಹೀಗೊಂದು ವಾಕ್ಯವಿತ್ತು: 'ಸೂರ್ಯನ ಮಗನಾದ ಶನಿ ಸೂರ್ಯನಿಂದ 143 ಕೋಟಿ ಕಿಲೋಮೀಟರ್ ದೂರದಲ್ಲಿದ್ದು, ನಿಧಾನವಾಗಿ ಚಲಿಸುತ್ತಾ ಏಳೂವರೆ ವರ್ಷ ಜನರನ್ನು ಕಾಡುತ್ತದೆ.' ಕಾಗುಣಿತದ ತಪ್ಪು ಒಂದೂ ಇರಲಿಲ್ಲ. ಆದರೂ ಅದನ್ನು ದಾಟಿ ಮುಂದಿನ ಸಾಲಿಗೆ ಹೋಗಲು ನನಗೆ ಮನಸ್ಸು ಬರಲಿಲ್ಲ. 'ಮಗ' ಪುರಾಣದ ಮಾತು, 'ಕಿಲೋಮೀಟರ್' ಖಗೋಳದ ಮಾತು, 'ಏಳೂವರೆ ವರ್ಷ' ಜ್ಯೋತಿಷ್ಯದ ಮಾತು. ಹತ್ತು ವರ್ಷದ ಮಗು ಇದನ್ನು ಓದಿದರೆ ಮೂರನ್ನೂ ಒಂದೇ ತೂಕದಲ್ಲಿ ನಂಬುತ್ತದೆ. ಇಲ್ಲವೇ ದೊಡ್ಡದಾದ ಮೇಲೆ ಮೂರನ್ನೂ ಒಟ್ಟಿಗೆ ಆಚೆ ಎಸೆಯುತ್ತದೆ. ಎರಡೂ ನಷ್ಟವೇ.

ಅಂದಿನಿಂದ ಗ್ರಹದ ಹೆಸರು ಬಂದಲ್ಲೆಲ್ಲ ನಾನು ಮೂರು ಪೆನ್ಸಿಲ್ ಇಟ್ಟುಕೊಂಡು ಕೂರುತ್ತೇನೆ. ಆಕಾಶದಲ್ಲಿ ಕಂಡದ್ದಕ್ಕೆ, ಅಳೆದದ್ದಕ್ಕೆ ನೀಲಿ. ಕತೆಗೆ ಕೆಂಪು. ಜ್ಯೋತಿಷ್ಯಕ್ಕೆ ಹಸಿರು. ಓದುತ್ತ ಹೋದಂತೆ ಒಂದೊಂದು ಪದದ ಕೆಳಗೆ ಅದರದರ ಬಣ್ಣದ ಗೆರೆ. ಈ ಅಭ್ಯಾಸವನ್ನು ಯಾರು ಬೇಕಾದರೂ ಮಾಡಬಹುದು. ಶನಿಯನ್ನೇ ಇಟ್ಟುಕೊಂಡು ತೋರಿಸುತ್ತೇನೆ. ಗ್ರಹಗಳ ಹೆಸರುಗಳಲ್ಲಿ ಹೆಚ್ಚು ಗೋಜಲಾಗಿರುವುದೂ ಅದೇ, ಬಿಡಿಸಿದಾಗ ಕೈತುಂಬ ಕೊಡುವುದೂ ಅದೇ.

ಹೆಸರುಗಳನ್ನೆಲ್ಲ ಮೊದಲು ಒಂದು ಕಡೆ ಬರೆಯಿರಿ

ಅರ್ಥ ಹುಡುಕುವ ಮುಂಚೆ ಹೆಸರುಗಳನ್ನು ಗುಡ್ಡೆ ಹಾಕಿಕೊಳ್ಳಬೇಕು. ಒಂದೇ ಹೆಸರನ್ನು ಹಿಡಿದು ಕೂತರೆ ಅದು ಹೇಳಿದ್ದೇ ಸತ್ಯ ಅನ್ನಿಸಿಬಿಡುತ್ತದೆ. ನನ್ನ ಪಟ್ಟಿಯಲ್ಲಿ ಇರುವವು ಇವು: ಶನಿ, ಶನೈಶ್ಚರ, ಮಂದ, ಪಂಗು, ಸೌರಿ, ಛಾಯಾಪುತ್ರ, ಅಸಿತ, ಕೋಣ. ಹೊರಗಿನವು: ರೋಮನ್ನರ ಸ್ಯಾಟರ್ನ್, ಗ್ರೀಕರ ಕ್ರೋನಸ್, ಗ್ರೀಕರೇ ಕರೆಯುತ್ತಿದ್ದ ಇನ್ನೊಂದು ಹೆಸರು ಫೈನಾನ್, ಬ್ಯಾಬಿಲೋನಿನವರ ಕಯ್ಯಮಾನು.

ಈಗ ಪಕ್ಕದಲ್ಲಿ ಪದದ ನೇರ ಅರ್ಥ ಬರೆಯಿರಿ. ಮಂದ ಎಂದರೆ ನಿಧಾನ. ಪಂಗು ಎಂದರೆ ಕುಂಟ. ಅಸಿತ ಎಂದರೆ ಕಪ್ಪು. ಸೌರಿ ಸೂರ್ಯನ ಮಗ. ಫೈನಾನ್ ಎಂದರೆ ಹೊಳೆಯುವವನು. ಕಯ್ಯಮಾನು ಎಂದರೆ ಸ್ಥಿರವಾದದ್ದು. ಇಲ್ಲಿ ಒಂದು ಕ್ಷಣ ನಿಲ್ಲಿ. ನಮ್ಮ ಸಂಕಲ್ಪದಲ್ಲಿ ಶನಿವಾರವನ್ನು 'ಸ್ಥಿರವಾಸರ' ಎಂದೇ ಹೇಳುವುದು. ಬೇರೆ ಬೇರೆ ಭಾಷೆಯ ಜನ ಒಂದೇ ಚುಕ್ಕಿಯನ್ನು ನೋಡಿ 'ಇದು ಕದಲುವುದೇ ಇಲ್ಲವಲ್ಲ' ಎಂದುಕೊಂಡ ಹಾಗಿದೆ. ಇದನ್ನು ಮೊದಲ ಸಲ ಪಕ್ಕಪಕ್ಕ ಬರೆದಾಗ ನನಗೆ ಮೈ ಜುಮ್ಮೆಂದಿತ್ತು.

ಪಟ್ಟಿಯಲ್ಲಿರುವ 'ಕೋಣ' ಕನ್ನಡಿಗರನ್ನು ದಾರಿ ತಪ್ಪಿಸುವ ಪದ. ಯಮ ಶನಿಯ ಅಣ್ಣ, ಯಮನ ವಾಹನ ಕೋಣ, ಹಾಗಾಗಿ ಶನಿಗೆ ಕೋಣ ಎಂಬ ಹೆಸರು ಎಂದು ಹೊಂದಿಸಿಬಿಡುವುದು ಬಲು ಸುಲಭ. ಹಾಗಲ್ಲ. ಆರನೆಯ ಶತಮಾನದ ವರಾಹಮಿಹಿರ ಬೃಹಜ್ಜಾತಕದಲ್ಲಿ ಗ್ರಹಗಳ ಹೆಸರು ಕೊಡುವಾಗ ಸೂರ್ಯನಿಗೆ ಹೇಲಿ, ಕುಜನಿಗೆ ಆರ, ಶುಕ್ರನಿಗೆ ಆಸ್ಫುಜಿತ್, ಶನಿಗೆ ಕೋಣ ಎಂಬ ಹೆಸರುಗಳನ್ನೂ ಕೊಡುತ್ತಾನೆ. ಹೀಲಿಯಸ್, ಆರಿಸ್, ಅಫ್ರೊಡೈಟಿ, ಕ್ರೋನಸ್ ಎಂಬ ಗ್ರೀಕ್ ಹೆಸರುಗಳು ಸಂಸ್ಕೃತದ ಬಾಯಲ್ಲಿ ಹೀಗಾದವು. ಸದ್ದು ಒಂದೇ ಎಂದು ಅರ್ಥವೂ ಒಂದೇ ಎಂದುಕೊಳ್ಳಬಾರದು. ಹೆಸರು ಬಿಡಿಸುವ ಕೆಲಸದಲ್ಲಿ ನಾನು ಹೆಚ್ಚು ಸಲ ಎಡವಿದ್ದು ಇಲ್ಲೇ.

ಪದವನ್ನು ಒಡೆಯಿರಿ, ಒತ್ತಕ್ಷರವನ್ನೂ ನೋಡಿ

ಶನೈಶ್ಚರ ಎಂಬುದು ಶನೈಃ + ಚರ. 'ಶನೈಃ' ಎಂದರೆ ಮೆಲ್ಲಗೆ. 'ಚರ' ಎಂದರೆ ನಡೆಯುವವನು. ವಿಸರ್ಗದ ಮುಂದೆ ಚಕಾರ ಬಂದದ್ದರಿಂದ ಸಂಧಿಯಲ್ಲಿ 'ಶ್ಚ' ಆಯಿತು. ಮೆಲ್ಲಗೆ ನಡೆಯುವವನು, ಅಷ್ಟೇ. ಪೀಡೆ, ಕಾಟ, ದರಿದ್ರ ಯಾವುದೂ ಈ ಪದದೊಳಗೆ ಇಲ್ಲ.

ಪ್ರೂಫಿನಲ್ಲಿ ಇದು 'ಶನೈಶ್ವರ' ಎಂದು, 'ಶನೇಶ್ವರ' ಎಂದು ಬರುತ್ತಲೇ ಇರುತ್ತದೆ. ಸಣ್ಣ ಅಕ್ಷರದಲ್ಲಿ ಚ ಒತ್ತಿಗೂ ವ ಒತ್ತಿಗೂ ಕಣ್ಣು ಮೋಸಹೋಗುತ್ತದೆ. ಜೊತೆಗೆ 'ಈಶ್ವರ' ನಮಗೆ ರೂಢಿಯಾದ ಪದವಾದ್ದರಿಂದ ಕೈ ತಾನಾಗಿಯೇ ಅತ್ತ ಎಳೆಯುತ್ತದೆ. ಶನಿ + ಈಶ್ವರ = ಶನೀಶ್ವರ ಎನ್ನುವುದು ಭಕ್ತಿಯಿಂದ ಕರೆಯುವ ಬೇರೆಯೇ ಪದ, ಅದು ತಪ್ಪಲ್ಲ. ಆದರೆ ಆ ಒಂದು ಒತ್ತು ಬದಲಾದಾಗ ಆಕಾಶದ ನಡಿಗೆ ಮರೆಯಾಗಿ ಒಡೆತನ ಬಂದು ಕೂರುತ್ತದೆ. ನೀಲಿ ಪದ ಕೆಂಪಾಗುತ್ತದೆ. ಹಾಗಾಗಿ 'ಶ್ಚ' ಇದೆಯೋ 'ಶ್ವ' ಇದೆಯೋ ಎಂದು ಬೆರಳಿಟ್ಟು ನೋಡಿ.

'ಗ್ರಹ' ಎಂಬ ಪದವನ್ನೂ ಒಡೆದುಬಿಡಿ. ಅದರ ಧಾತು ಹಿಡಿಯುವುದು ಎಂಬ ಅರ್ಥದ್ದು. ಗ್ರಹಿಸು, ಗ್ರಹಣ, ಅನುಗ್ರಹ ಎಲ್ಲ ಅದೇ ಮನೆಯ ಮಕ್ಕಳು. ಗ್ರೀಕರ 'ಪ್ಲಾನೆಟ್' ಎಂಬ ಪದಕ್ಕೆ ಅರ್ಥ ಅಲೆಮಾರಿ. ಒಂದು ಹಿಡಿಯುವುದು, ಇನ್ನೊಂದು ಅಲೆಯುವುದು. ಎರಡನ್ನೂ ಒಂದಕ್ಕೊಂದು ಸಮಾನ ಪದ ಮಾಡಿಕೊಂಡು ನಾವು ಪಠ್ಯಪುಸ್ತಕ ಬರೆದಿದ್ದೇವೆ. ನವಗ್ರಹಗಳಲ್ಲಿ ಸೂರ್ಯ, ಚಂದ್ರ ಇದ್ದಾರೆ. ಚಂದ್ರನ ಹಾದಿ ಸೂರ್ಯನ ಹಾದಿಯನ್ನು ಕತ್ತರಿಸುವ ಎರಡು ಬಿಂದುಗಳೂ ರಾಹು, ಕೇತು ಎಂಬ ಹೆಸರಿನಲ್ಲಿ ಇವೆ. 2006ರಲ್ಲಿ ಅಂತರರಾಷ್ಟ್ರೀಯ ಖಗೋಳ ಒಕ್ಕೂಟ ಗ್ರಹ ಎಂದರೇನು ಎಂದು ವ್ಯಾಖ್ಯೆ ಮಾಡಿದ್ದು ಈ 'ಗ್ರಹ'ಕ್ಕಲ್ಲ. 'ಒಂಬತ್ತು ಗ್ರಹ' ಎಂದು ಎಲ್ಲಾದರೂ ಕಂಡರೆ ಯಾವ ಒಂಬತ್ತು ಎಂದು ಕೇಳಿಕೊಳ್ಳಿ.

ನಮ್ಮ ದಿನನಿತ್ಯದ 'ಗ್ರಹಚಾರ'ವನ್ನೂ ಗಮನಿಸಿ. ಗ್ರಹ + ಚಾರ, ಗ್ರಹದ ಸಂಚಾರ. ಶನೈಶ್ಚರನ 'ಚರ'ವೇ ಇಲ್ಲಿನ 'ಚಾರ'. ಹುಟ್ಟಿನಲ್ಲಿ ಇದು ಶುದ್ಧ ನೀಲಿ ಪದ. ಈಗ 'ಅವನ ಗ್ರಹಚಾರ' ಎಂದರೆ ಕೆಟ್ಟ ಕಾಲ, 'ಗ್ರಹಚಾರ ಬಿಡಿಸ್ತೀನಿ' ಎಂದರೆ ಬೈಗುಳ.

ಹೊರಗೆ ಬಂದು ನೋಡಿ

ಬರೀ ನಿಘಂಟು ನೋಡಿದರೆ ಈ ಹೆಸರು ಅರ್ಧವೇ ತಿಳಿಯುತ್ತದೆ. ಇದಕ್ಕೆ ದುರ್ಬೀನು ಬೇಕಿಲ್ಲ, ಒಂದು ನೋಟ್‌ಪುಸ್ತಕ ಸಾಕು. ಮಿನುಗದೆ ತಣ್ಣಗೆ ಬೆಳಗುವ, ತುಸು ಹಳದಿ ಛಾಯೆಯ ಚುಕ್ಕಿ ಶನಿ. ಆಕಾಶ ನಕ್ಷೆಯ ಆ್ಯಪ್ ಇದ್ದರೆ ಗುರುತು ಹಿಡಿಯುವುದು ಕಷ್ಟವಲ್ಲ. ಹತ್ತಿರದ ಎರಡು ಮೂರು ನಕ್ಷತ್ರಗಳ ಜೊತೆ ಅದರ ಜಾಗವನ್ನು ಚುಕ್ಕಿ ಹಾಕಿ ಬರೆದು ತಾರೀಖು ಹಾಕಿ. ತಿಂಗಳ ಮೇಲೆ ಮತ್ತೆ ನೋಡಿ. ಹೆಚ್ಚೇನೂ ಕದಲಿರುವುದಿಲ್ಲ. ವರ್ಷ ಕಳೆದು ನೋಡಿ. ಕೈ ನೀಡಿ ಮುಷ್ಟಿ ಹಿಡಿದರೆ ಅದು ಆಕಾಶದಲ್ಲಿ ಸುಮಾರು 10 ಡಿಗ್ರಿ ಮುಚ್ಚುತ್ತದೆ. ಶನಿ ಒಂದು ವರ್ಷದಲ್ಲಿ ಹೋಗುವುದು ಸುಮಾರು 12 ಡಿಗ್ರಿ, ಒಂದು ಮುಷ್ಟಿ ಮತ್ತು ಸ್ವಲ್ಪ. ಪೂರಾ ಒಂದು ಸುತ್ತಿಗೆ ಸುಮಾರು 29.5 ವರ್ಷ. ಬರಿಗಣ್ಣಿಗೆ ಸಲೀಸಾಗಿ ಕಾಣುವ ಗ್ರಹಗಳಲ್ಲಿ ಇಷ್ಟು ನಿಧಾನ ಬೇರೆ ಯಾವುದೂ ಇಲ್ಲ. 'ಶನೈಶ್ಚರ', 'ಮಂದ', 'ಸ್ಥಿರ' ಮೂರೂ ನಿಮ್ಮ ನೋಟ್‌ಪುಸ್ತಕದಲ್ಲೇ ಸಿಕ್ಕಿಬಿಡುತ್ತವೆ.

ಹಿಂದಿನವರು ಇದನ್ನು ಎಷ್ಟು ಚೆನ್ನಾಗಿ ಅಳೆದಿದ್ದರು ಎಂಬುದಕ್ಕೆ ಒಂದು ಭಾಗಾಕಾರ ಮಾಡಿ ನೋಡಿ. 499ರ ಕಾಲದ ಆರ್ಯಭಟೀಯದಲ್ಲಿ 43,20,000 ವರ್ಷಗಳ ಯುಗವೊಂದರಲ್ಲಿ ಶನಿ 1,46,564 ಸುತ್ತು ಸುತ್ತುತ್ತದೆ ಎಂದಿದೆ. ಭಾಗಿಸಿದರೆ ಒಂದು ಸುತ್ತಿಗೆ 29.475 ವರ್ಷ. ಇಂದಿನ ಅಳತೆ 29.46ರ ಆಸುಪಾಸು. ನಾನು ಕಾಗದದ ಮೇಲೆ ಕೈಯಲ್ಲೇ ಭಾಗಿಸಿ ನೋಡಿದೆ. ನೀವೂ ಕೈಯಲ್ಲೇ ಮಾಡಿ, ದಶಮಾಂಶ ಬಿಂದು ದಾಟಿ 4 ಬಂದಾಗ ಆಗುವ ಸಂತೋಷವೇ ಬೇರೆ.

ವಾರದ ಹೆಸರುಗಳೂ ಈ ನಿಧಾನದಿಂದಲೇ ಹೊರಟವು. ನಿಧಾನದಿಂದ ವೇಗಕ್ಕೆ ಸಾಲಾಗಿ ಬರೆಯಿರಿ: ಶನಿ, ಗುರು, ಕುಜ, ರವಿ, ಶುಕ್ರ, ಬುಧ, ಚಂದ್ರ. ದಿನದ 24 ಹೋರೆಗಳಿಗೆ, ಎಂದರೆ ಗಂಟೆಗಳಿಗೆ, ಇದೇ ಸರದಿಯಲ್ಲಿ ಒಬ್ಬೊಬ್ಬ ಒಡೆಯ. ಏಳೇಳರಂತೆ ಮೂರು ಸುತ್ತು ಮುಗಿದು ಮೂರು ಹೋರೆ ಮಿಗುತ್ತವೆ. ಹಾಗಾಗಿ ಮಾರನೆಯ ಬೆಳಗಿನ ಮೊದಲ ಹೋರೆ ಸಾಲಿನ ನಾಲ್ಕನೆಯವನಿಗೆ ಬರುತ್ತದೆ. ಶನಿಯಿಂದ ನಾಲ್ಕು ಎಣಿಸಿದರೆ ರವಿ, ರವಿಯಿಂದ ನಾಲ್ಕು ಎಣಿಸಿದರೆ ಚಂದ್ರ. ಶನಿವಾರ, ಭಾನುವಾರ, ಸೋಮವಾರ. ಈ ನಾಲ್ಕರ ಲೆಕ್ಕವೂ ಆರ್ಯಭಟೀಯದಲ್ಲಿದೆ.

ಆದರೆ ಹೆಸರು ಕಣ್ಣಿಗೆ ಕಂಡದ್ದನ್ನು ಮಾತ್ರ ಹೇಳುತ್ತದೆ, ಗ್ರಹದ ಸ್ವಭಾವವನ್ನಲ್ಲ. ಮೆಲ್ಲಗೆ ನಡೆಯುವವನು ಎನ್ನಿಸಿಕೊಂಡ ಶನಿ ತನ್ನ ಸುತ್ತ ತಾನು ತಿರುಗಲು ತೆಗೆದುಕೊಳ್ಳುವುದು ಹತ್ತೂವರೆ ಗಂಟೆಯ ಆಸುಪಾಸು. ಆ ರಭಸಕ್ಕೆ ನಡು ಉಬ್ಬಿ, ಧ್ರುವಗಳ ಕಡೆ ಚಪ್ಪಟೆಯಾಗಿದೆ. ದುರ್ಬೀನಿನಲ್ಲಿ ಈ ಉಬ್ಬು ಕಣ್ಣಿಗೇ ಕಾಣುತ್ತದೆ. ಮಂದ ಎಂದರೆ ಭಾರ ಎಂದು ಊಹಿಸುವವರೂ ಇದ್ದಾರೆ. ಶನಿಯ ಸಾಂದ್ರತೆ ನೀರಿಗಿಂತ ಕಡಿಮೆ. 'ಅಸಿತ' ಎಂಬ ಕಪ್ಪೂ ಹಾಗೆಯೇ, ಅಮೋನಿಯಾ ಮುಸುಕಿದ ಗ್ರಹ ನಿಜಕ್ಕೂ ಮಾಸಲು ಹಳದಿ. ಕಪ್ಪು, ನೀಲಿ ಬಣ್ಣಗಳು ಕತೆಯಿಂದ ಬಂದವು. ಅವುಗಳ ಕೆಳಗೆ ಕೆಂಪು ಗೆರೆ ಎಳೆಯಿರಿ.

ಕತೆಗೆ ಕತೆಯ ಮರ್ಯಾದೆ ಕೊಡಿ

ಪುರಾಣದಲ್ಲಿ ಸೂರ್ಯನ ಹೆಂಡತಿ ಸಂಜ್ಞೆ ಅವನ ತಾಪ ತಾಳಲಾರದೆ ತನ್ನ ನೆರಳನ್ನೇ ಹೆಣ್ಣಾಗಿ ನಿಲ್ಲಿಸಿ ಹೊರಟುಹೋದಳಂತೆ. ಆ ನೆರಳೇ ಛಾಯೆ, ಅವಳ ಮಗ ಶನಿ. ಯಮ, ಯಮುನೆ ಅದಕ್ಕೂ ಮೊದಲು ಸಂಜ್ಞೆಗೆ ಹುಟ್ಟಿದವರು. ಇಷ್ಟು ಗೊತ್ತಿದ್ದರೆ ನವಗ್ರಹ ಸ್ತೋತ್ರದ ಶನಿಯ ಶ್ಲೋಕದಲ್ಲಿ ಬರುವ 'ಯಮಾಗ್ರಜಂ' ಎಂಬ ಪದ ತಕ್ಷಣ ಚುಚ್ಚುತ್ತದೆ. ಅಗ್ರಜ ಎಂದರೆ ಅಣ್ಣ. ಯಮನ ಅಣ್ಣ ಎಂದು ಅರ್ಥ ಮಾಡಿದರೆ ಪುರಾಣದ ವರಸೆ ತಲೆಕೆಳಗಾಗುತ್ತದೆ. ಸಮಾಸವನ್ನು ಬಹುವ್ರೀಹಿ ಎಂದು ಬಿಡಿಸಿ: ಯಮನು ಯಾರಿಗೆ ಅಗ್ರಜನೋ ಅವನು, ಎಂದರೆ ಯಮನ ತಮ್ಮ. ಒಂದಕ್ಷರವೂ ಬದಲಾಗದೆ ಅಣ್ಣ ತಮ್ಮನಾಗುತ್ತಾನೆ. ಕತೆಯ ಹೆಸರು ಬಿಡಿಸುವಾಗ ವ್ಯಾಕರಣವನ್ನು ಪಕ್ಕದಲ್ಲೇ ಇಟ್ಟುಕೊಳ್ಳಬೇಕು ಎಂದು ನಾನು ಹೇಳುವುದು ಇದಕ್ಕೇ.

'ಪಂಗು' ಎಂಬ ಹೆಸರಿಗೂ ಕತೆಗಳಿವೆ, ಒಂದೊಂದು ಕಡೆ ಒಂದೊಂದು ಥರ. ಮಾರ್ಕಂಡೇಯ ಪುರಾಣದಲ್ಲಿ ಛಾಯೆಯ ಶಾಪಕ್ಕೆ ಗುರಿಯಾಗುವುದು ಯಮನ ಕಾಲು. ಯಾವ ಪುರಾಣ ಎಂದು ಪಕ್ಕದಲ್ಲಿ ಬರೆಯದೆ 'ಪುರಾಣದಲ್ಲಿದೆ' ಎಂದಷ್ಟೇ ಬರೆದ ಸಾಲನ್ನು ನಾನು ಲೇಖಕರಿಗೆ ವಾಪಸು ಕಳಿಸುತ್ತೇನೆ. ನನಗನ್ನಿಸುವುದು ಇಷ್ಟು: ಆಕಾಶದಲ್ಲಿ ಅಷ್ಟು ಮೆಲ್ಲಗೆ ಹೋಗುವವನನ್ನು ನೋಡಿದ ಜನಕ್ಕೆ ಅವನ ಕಾಲಿಗೆ ಏನೋ ಆಗಿರಬೇಕು ಎನ್ನಿಸಿರಬೇಕು.

ನನ್ನ ಅಕ್ಕನ ಮಗನ ವಿಷಯ ಇಲ್ಲಿ ಹೇಳಬೇಕು. ಆಗ ಅವನಿಗೆ ಹನ್ನೆರಡು. ದುರ್ಬೀನನ್ನು ಶನಿಗೆ ಹೊಂದಿಸಿ 'ಬಾರೋ' ಎಂದು ಕರೆದರೆ ದೂರ ನಿಂತ. 'ಬೇಡ ಚಿಕ್ಕಮ್ಮ, ಶನಿ ದೃಷ್ಟಿ ತಾಗುತ್ತೆ ಅಂತಾರೆ' ಅಂದ. ಅವನ ಹೆದರಿಕೆ ನಿಜವಾಗಿತ್ತು, ಕೈ ತಣ್ಣಗಿತ್ತು. ಅವನಿಗೆ ಬ್ರಹ್ಮವೈವರ್ತ ಪುರಾಣದ ಕತೆ ಹೇಳಿದೆ. ತನ್ನ ನೋಟ ಬಿದ್ದದ್ದು ಹಾಳಾಗಲಿ ಎಂದು ಹೆಂಡತಿಯಿಂದ ಶಾಪ ಪಡೆದಿದ್ದ ಶನಿ, ಪಾರ್ವತಿಯ ಕೂಸನ್ನು ನೋಡಲು ಬಂದಾಗ ತಲೆ ತಗ್ಗಿಸಿಯೇ ನಿಂತಿದ್ದನಂತೆ. ನೋಡು ಎಂದು ಒತ್ತಾಯಿಸಿದ್ದು ಪಾರ್ವತಿಯೇ. ಕಣ್ಣಂಚಿನಲ್ಲಿ ನೋಡಿದ, ಗಣೇಶನ ತಲೆ ಹೋಯಿತು. 'ಹಾಗಾದರೆ ಅವನಿಗೆ ನೋಡೋಕೆ ಇಷ್ಟ ಇರಲಿಲ್ವಾ?' ಎಂದು ಕೇಳಿದ ಹುಡುಗ. ಇರಲಿಲ್ಲ. ಮಗುವಿಗೆ ಕೇಡಾಗದಿರಲಿ ಎಂದೇ ಕಣ್ಣು ತಗ್ಗಿಸಿದ್ದ. ಅದೂ ಅಲ್ಲದೆ, ಕತೆಯಲ್ಲಿ ನೋಡಿದ್ದು ಶನಿ. ಇಲ್ಲಿ ನೋಡಬೇಕಾದವನು ನೀನು. ಹುಡುಗ ಬಂದು ಕಣ್ಣಿಟ್ಟ. ಉಂಗುರ ತೊಟ್ಟ ಆ ಪುಟ್ಟ ಬಿಂಬವನ್ನು ನೋಡಿ ಬಹಳ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ, 'ಇದು ಸ್ಟಿಕರ್ ಅಲ್ಲ ತಾನೆ?' ಎಂದ.

ಬೇರೆಯವರ ಕತೆಯನ್ನು ನಮ್ಮದಕ್ಕೆ ಅಂಟಿಸಬೇಡಿ

ಸ್ಯಾಟರ್ನ್ ಎಂದರೆ ಶನಿ ಎಂದು ನಿಘಂಟಿನಲ್ಲಿದೆ. ಆ ಸಮೀಕರಣ ನೀಲಿ ಪೆನ್ಸಿಲಿಗೆ ಮಾತ್ರ ಸರಿ. ಕೆಂಪಿಗೆ ಬಂದರೆ ಇಬ್ಬರೂ ಬೇರೆ ಬೇರೆ ವ್ಯಕ್ತಿಗಳು. ರೋಮನ್ನರ ಸ್ಯಾಟರ್ನ್ ಬಿತ್ತನೆಯ ದೇವರು, ಅವನು ಆಳಿದ್ದು ಸುವರ್ಣಯುಗ. ಡಿಸೆಂಬರಿನಲ್ಲಿ ನಡೆಯುತ್ತಿದ್ದ ಅವನ ಹಬ್ಬದಲ್ಲಿ ಒಡೆಯ ಆಳು ಎಂಬ ಭೇದ ಸಡಿಲವಾಗುತ್ತಿತ್ತು. ನಮ್ಮ ಶನಿಗೆ ಆ ಉಲ್ಲಾಸ ಇಲ್ಲ. ಗ್ರೀಕರ ಕ್ರೋನಸ್ ತಂದೆಯನ್ನು ಕುಡುಗೋಲಿನಿಂದ ಕತ್ತರಿಸಿದವನು, ಸ್ವಂತ ಮಕ್ಕಳನ್ನು ನುಂಗಿದವನು. ನಮ್ಮ ಶನಿ ಮಗ, ಅವನು ಅಪ್ಪ. ಜ್ಯೂಪಿಟರ್ ಸ್ಯಾಟರ್ನನ ಮಗ. ಗುರು ಶನಿಯ ಮಗನಲ್ಲ. 1781ರಲ್ಲಿ ಹೊಸ ಗ್ರಹ ಸಿಕ್ಕಾಗ ಯುರೇನಸ್ ಎಂಬ ಹೆಸರು ಸೂಚಿಸಿದ ಜರ್ಮನ್ ಖಗೋಳಿಗ ಬೋಡೆಯ ತರ್ಕ ಇದೇ ವಂಶಾವಳಿಯದ್ದು: ಜ್ಯೂಪಿಟರನ ಅಪ್ಪ ಸ್ಯಾಟರ್ನ್, ಸ್ಯಾಟರ್ನನ ಅಪ್ಪ ಯುರೇನಸ್. ಆ ತರ್ಕವನ್ನು ಗುರು, ಶನಿ ಎಂಬ ಹೆಸರು ಹಾಕಿ ಕನ್ನಡದಲ್ಲಿ ವಿವರಿಸಲು ಹೋದರೆ ಅಸಂಬದ್ಧವಾಗುತ್ತದೆ. ಅಲ್ಲಿ ಮೂಲದ ಹೆಸರುಗಳನ್ನೇ ಉಳಿಸಿಕೊಳ್ಳಿ.

ಕತೆ ಖಗೋಳಿಗರ ಬಾಯಿಗೂ ಬಂದದ್ದುಂಟು. 1610ರಲ್ಲಿ ಶನಿಯ ಎರಡೂ ಪಕ್ಕ ಏನೋ ಅಂಟಿದಂತೆ ಕಂಡಿದ್ದ ಗೆಲಿಲಿಯೊಗೆ 1612ರಲ್ಲಿ ಅವು ಕಾಣಿಸಲಿಲ್ಲ. ಸ್ಯಾಟರ್ನ್ ತನ್ನ ಮಕ್ಕಳನ್ನು ನುಂಗಿಬಿಟ್ಟನೇ ಎಂದು ಪತ್ರದಲ್ಲಿ ಕೇಳಿದ. ಉಂಗುರಗಳು ತಮ್ಮ ತೆಳು ಅಂಚನ್ನು ನಮ್ಮತ್ತ ತಿರುಗಿಸಿದ್ದವು, ಅಷ್ಟೇ. ಅದು ಉಂಗುರ ಎಂದು ಡಚ್ ವಿಜ್ಞಾನಿ ಹೈಗನ್ಸ್ ಪ್ರಕಟಿಸಿದ್ದು 1659ರಲ್ಲಿ. ಹಾಗೆ ಅಂಚು ತಿರುಗುವುದು ಸುಮಾರು 15 ವರ್ಷಕ್ಕೊಮ್ಮೆ, 2025ರ ಮಾರ್ಚಿನಲ್ಲಿ ಮತ್ತೆ ಆಯಿತು.

ಹಸಿರು ಗೆರೆ

ಜ್ಯೋತಿಷ್ಯದ ಪದ ಕಂಡಾಗ ಅದರ ಹಿಂದೆ ಯಾವ ಲೆಕ್ಕ ಇದೆ ಎಂದು ಮೊದಲು ಕೇಳಿ. ಏಳೂವರೆ ಶನಿಯನ್ನೇ ತೆಗೆದುಕೊಳ್ಳಿ. 29.5 ವರ್ಷವನ್ನು 12 ರಾಶಿಗಳಿಗೆ ಹಂಚಿದರೆ ಒಂದು ರಾಶಿಗೆ ಸುಮಾರು ಎರಡೂವರೆ ವರ್ಷ. ಜನ್ಮರಾಶಿಯ ಹಿಂದಿನದು, ಜನ್ಮರಾಶಿ, ಮುಂದಿನದು, ಹೀಗೆ ಮೂರು ರಾಶಿ ದಾಟಲು ಏಳೂವರೆ. ಸಂಖ್ಯೆ ಆಕಾಶದ್ದು, ಅದು ಪೂರಾ ನೀಲಿ. ಆ ಏಳೂವರೆ ವರ್ಷ ಕಷ್ಟ ಬರುತ್ತದೆ ಎಂಬುದು ಹಸಿರು. ಆ ಎರಡನೆಯದನ್ನು ಖಗೋಳದ ಯಾವ ಅಳತೆಯೂ ಸಮರ್ಥಿಸುವುದಿಲ್ಲ. ನಾನು ಅದನ್ನು ನಂಬುವುದಿಲ್ಲ. ಆದರೆ ನಂಬುವವರ ಪದಕ್ಕೂ ಸರಿಯಾದ ಅರ್ಥ ಬರೆಯುವುದು ನನ್ನ ಕರ್ತವ್ಯ. ಹಾಗೆ ನೋಡಿದರೆ ಹನ್ನೆರಡು ರಾಶಿಗಳಲ್ಲಿ ಮೂರು ಎಂದರೆ, ಯಾವ ಹೊತ್ತಿನಲ್ಲೂ ನಾಲ್ಕನೆಯ ಒಂದು ಭಾಗದಷ್ಟು ರಾಶಿಗಳಿಗೆ ಏಳೂವರೆ ಶನಿ ನಡೆಯುತ್ತಲೇ ಇರುತ್ತದೆ. ಹೆದರಿ ಬರುವವರಿಗೆ ಈ ಲೆಕ್ಕವನ್ನು ಬರೆದು ತೋರಿಸುತ್ತೇನೆ.

ಎಲ್ಲ ಹಸಿರು ಸಂಖ್ಯೆಗಳೂ ಹೀಗೆ ಬಿಡಿಸಿಕೊಳ್ಳುವುದಿಲ್ಲ. ಜಾತಕದ ದಶೆಗಳನ್ನು ಎಣಿಸುವ ವಿಂಶೋತ್ತರಿ ಪದ್ಧತಿಯಲ್ಲಿ ಶನಿದಶೆ 19 ವರ್ಷ. ಅದು 29.5ಕ್ಕೆ ತಾಳೆಯಾಗದು, ಬಲವಂತವಾಗಿ ಹೊಂದಿಸಬೇಡಿ. ಲೋಹವೂ ಊರಿಂದೂರಿಗೆ ಬೇರೆ: ನಮ್ಮಲ್ಲಿ ಶನಿಗೆ ಕಬ್ಬಿಣ, ಯುರೋಪಿನ ರಸವಾದಿಗಳಲ್ಲಿ ಸೀಸ.

ರಾಶಿಯ ಹೆಸರು ಬಂದರೆ ಸಾಯನವೋ (ವಿಷುವ ಬಿಂದುವಿನಿಂದ ಎಣಿಸುವುದು) ನಿರಯನವೋ (ಸ್ಥಿರ ನಕ್ಷತ್ರಗಳಿಂದ ಎಣಿಸುವುದು) ಎಂದು ಕೇಳದೆ ಬಿಡಬೇಡಿ. 2025ರ ಜೂನಿನಲ್ಲಿ ನಮ್ಮ ಪಂಚಾಂಗದ ಪ್ರಕಾರ ಶನಿ ಮೀನದಲ್ಲಿ, ಪಾಶ್ಚಾತ್ಯ ಜ್ಯೋತಿಷ್ಯದ ಪ್ರಕಾರ ಮೇಷದಲ್ಲಿ. ಗ್ರಹ ಒಂದೇ, ರಾತ್ರಿಯೂ ಒಂದೇ. ರಾಶಿಯನ್ನು ಎಲ್ಲಿಂದ ಎಣಿಸಲು ಶುರು ಮಾಡಬೇಕು ಎಂಬುದರಲ್ಲಿ ಸುಮಾರು 24 ಡಿಗ್ರಿ ವ್ಯತ್ಯಾಸ.

ಕೊನೆಗೆ ಕ್ರಿಯಾಪದ

ಮೂರು ಬಣ್ಣ ಬೇರೆಯಾದ ಮೇಲೆ ವಾಕ್ಯವನ್ನು ಮತ್ತೆ ಕಟ್ಟಬೇಕು. ಇದಕ್ಕೆ ಕನ್ನಡದಲ್ಲೇ ಸಲಕರಣೆ ಇದೆ. ಅಳೆದದ್ದಕ್ಕೆ 'ಇದೆ', ಕತೆಗೆ 'ಅಂತೆ', ಜ್ಯೋತಿಷ್ಯಕ್ಕೆ 'ಎನ್ನುತ್ತಾರೆ'. ಆ ಜ್ಞಾನಕೋಶದ ವಾಕ್ಯ ಹೀಗಾಯಿತು: 'ಶನಿ ಸೂರ್ಯನಿಂದ ಸರಾಸರಿ 143 ಕೋಟಿ ಕಿಲೋಮೀಟರ್ ದೂರದಲ್ಲಿದೆ. ಪುರಾಣದ ಪ್ರಕಾರ ಅವನು ಸೂರ್ಯ ಮತ್ತು ಛಾಯೆಯ ಮಗನಂತೆ. ಗ್ರಹ ಮೂರು ರಾಶಿ ದಾಟುವ ಏಳೂವರೆ ವರ್ಷ ಕಷ್ಟದ ಕಾಲ ಎಂದು ಜ್ಯೋತಿಷಿಗಳು ಹೇಳುತ್ತಾರೆ.' ಗ್ರಹಕ್ಕೆ 'ಅದು', ಕತೆಯವನಿಗೆ 'ಅವನು' ಎಂಬುದನ್ನೂ ತಪ್ಪಿಸಬೇಡಿ. ಲೇಖಕರು ಒಂದು ಮಾತಿಲ್ಲದೆ ಒಪ್ಪಿದರು.

ಇದೇ ಪೆನ್ಸಿಲುಗಳನ್ನು ಬೇರೆ ಗ್ರಹಗಳಿಗೂ ಹಿಡಿಯಿರಿ. ಅಂಗಾರಕ ಎಂದರೆ ಕೆಂಡ, ಕಣ್ಣಿಗೆ ಕಂಡ ಬಣ್ಣ, ನೀಲಿ. ಕುಜ ಎಂದರೆ ಭೂಮಿಯ ಮಗ, ಕೆಂಪು. ಶುಕ್ರ ಎಂದರೆ ಹೊಳೆಯುವ ಬಿಳುಪು, ಮತ್ತೆ ನೀಲಿ. ಗುರುವಿನಲ್ಲಿ ಎಚ್ಚರ: ಗುರು ಎಂದರೆ ಭಾರ ಎಂಬ ಅರ್ಥವೂ ಇದೆ, ಅದು ಅತಿ ಭಾರದ ಗ್ರಹವೂ ಹೌದು. ಆದರೆ ಹೆಸರಿಟ್ಟವರು ಅದನ್ನು ತೂಗಿರಲಿಲ್ಲ. ಅಲ್ಲಿ ಗುರು ಎಂದರೆ ದೇವತೆಗಳ ಗುರು ಬೃಹಸ್ಪತಿ.

ಅಕ್ಕನ ಮಗ ಅಂದು ರಾತ್ರಿಯೇ ಒಂದು ನೋಟ್‌ಪುಸ್ತಕ ಕೇಳಿ ಪಡೆದ. ಮೊದಲ ಪುಟದಲ್ಲಿ ಮೂರು ನಕ್ಷತ್ರ, ಒಂದು ಶನಿ, ತಾರೀಖು. ಎರಡನೆಯ ಪುಟದಲ್ಲಿ ಒಂದು ವರ್ಷದ ನಂತರದ ತಾರೀಖು, ಅದರ ಕೆಳಗೆ ಅವನದೇ ಅಕ್ಷರದಲ್ಲಿ: 'ಒಂದು ಮುಷ್ಟಿ, ಒಂದು ಬೆರಳು.'